ಒಂಬತ್ತನೆಯ ದಿನದ ಪರೀಕ್ಷೆ

ಕಾಗದನಗರದ ನಮ್ಮ ಮನೆಯಲ್ಲಿ ದೇವರಗೂಡಿನ ಪಕ್ಕಕ್ಕೇ ಕ್ಯಾಲೆಂಡರು. ಸಂಕಷ್ಟಿ, ಏಕಾದಶಿ, ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲು ಬಾರದ ದಿನ ಎಲ್ಲವನ್ನೂ ಬಾಲ್‌ಪೆನ್ನಿನಲ್ಲೇ ಬರೆಯುವವಳು ನಾನು. ಬರೆದದ್ದು ನಡೆದೇ ತೀರುತ್ತದೆಂಬ ಭೋಳೆ ನಂಬಿಕೆ. ಈ ವರ್ಷ ಆ ನಂಬಿಕೆಯ ಮೇಲೆ ಗೀಟೆಳೆದದ್ದು ಶನಿಮಹಾತ್ಮನಲ್ಲ, ವಿಶ್ವವಿದ್ಯಾಲಯ.

ಸೊಸೆ ಸುಮಾಳ ಎಂ.ಎ. ಕೊನೆಯ ಪತ್ರಿಕೆ ಅವಳು ಆರು ತಿಂಗಳ ಬಸುರಿಯಾಗಿದ್ದಾಗಲೇ ಮುಗಿಯಬೇಕಿತ್ತು. ಮೂರು ಸಲ ಮುಂದೂಡಿದರು. ಮೂರು ಸಲವೂ ನಾನು ಮುಂಚಿತವಾಗಿಯೇ ಗಣಪತಿಗೆ ಕಾಯಿ ಒಡೆಸಿದ್ದೆ; ವಿಘ್ನೇಶ್ವರನಿಗೇ ವಿಘ್ನ ತಂದೊಡ್ಡುವ ಕಚೇರಿ ಭೂಮಂಡಲದಲ್ಲಿ ಬೇರೆಲ್ಲಿದೆ, ನೀವೇ ಹೇಳಿ. ಶಿವಮೊಗ್ಗದ ರೂಮು, ಮೆಸ್ಸು, ಜೆರಾಕ್ಸ್ ಅಂಗಡಿಗಳೆಲ್ಲ ಅದರ ಕಣ್ಸನ್ನೆಗೇ ಕಾಯುತ್ತವೆ. ಓದುವ ಮಕ್ಕಳ ಮದುವೆಗೂ ಪುರೋಹಿತರ ಮುಹೂರ್ತವೊಂದೇ ಸಾಲದು, ವೇಳಾಪಟ್ಟಿಯ ಅನುಗ್ರಹವೂ ಬೇಕು.

ಹೊಸ ದಿನಾಂಕ ಡಾಕ್ಟರು ಹೇಳಿದ ಹೆರಿಗೆಯ ಆಸುಪಾಸಿಗೇ ಬಂದಾಗ, ಸುಮಾಳನ್ನು ಕರೆದುಕೊಂಡು ನಾನೇ ಕಚೇರಿಗೆ ಹೊರಟೆ.

“ಯಾಕ್ರೀ ಹೀಗೆ ಮುಂದೂಡ್ತೀರಾ?”

“ಕಾರಣಾಂತರಗಳಿಂದ ಅಮ್ಮಾ,” ಎಂದರು ಗುಮಾಸ್ತರು.

“ನಮ್ ಹುಡುಗಿ ಕಾರಣ ಹೊಟ್ಟೇಲೇ ಇದೆ, ಕಾಣ್ತಿಲ್ವಾ ಮಾರಾಯ್ರೆ? ಅದನ್ನ ಮುಂದೂಡೋಕೆ ಯಾವ ಸುತ್ತೋಲೆ ಇದೆ ನಿಮ್ಮತ್ರ?”

“ಮುಂದಿನ ವರ್ಷ ಬರೀಲಿ ಬಿಡಿ. ಹೇಗೂ ಮಗು ನೋಡ್ಕೊಂಡು ಮನೇಲೇ ಇರ್ತಾರಲ್ಲ!”

ಆ ‘ಹೇಗೂ’ ಎದೆಗೆ ನಾಟಿತು. ಪಿಯುಸಿ ಮುಗಿಸಿದ್ದ ನನಗೂ ಯಾರೋ ಹೀಗೆಯೇ ಹೇಳಿದ್ದರು. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ.

ಮೊಮ್ಮಗಳು ಯಾವ ಸುತ್ತೋಲೆಗೂ ಕಾಯದೆ ಹುಟ್ಟಿದಳು. ಪರೀಕ್ಷೆ ಬಿದ್ದದ್ದು ಪುರುಡಿನ ಒಂಬತ್ತನೆಯ ದಿನ. ಹತ್ತು ದಿನ ಬಾಣಂತಿ ಹೊಸಿಲು ದಾಟಬಾರದೆಂದು ಕೇರಿಗೆಲ್ಲ ಉಪದೇಶಿಸಿದವಳು ನಾನೇ. ಹೋಗಲೇ ಎಂದು ಸುಮಾ ಕೇಳಲೂ ಇಲ್ಲ. ಪುಸ್ತಕವನ್ನು ದಿಂಬಿನಡಿ ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪುರುಡಿನಲ್ಲಿ ದೇವರ ಮುಂದೆ ನಿಲ್ಲುವಂತಿಲ್ಲವಲ್ಲ, ಅಡುಗೆಮನೆಯಿಂದಲೇ ಕೈಮುಗಿದು ಬಂದೆ.

“ಏಳು ಮಾರಾಯ್ತಿ, ಕಾರು ಬಂದಿದೆ. ದೇವ್ರ ಹತ್ರ ನಾನ್ ಮಾತಾಡ್ಕೊಳ್ತೀನಿ.”

ಮೂರು ಗಂಟೆ ಕಾಲ ಪರೀಕ್ಷಾ ಕೊಠಡಿಯ ಹೊರಗಿನ ಮರದಡಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ನಡುವೆ ಹಾಲಿಗೆ ಅತ್ತಾಗ ಕಾವಲಿನ ಹೆಂಗಸು ಒಳಗೋಡಿ, ಮೇಲ್ವಿಚಾರಕರನ್ನು ಒಪ್ಪಿಸಿ ಸುಮಾಳನ್ನು ಕರೆತಂದಳು. ಹತ್ತು ನಿಮಿಷ ಸೆರಗು ಹರಡಿ ತಾನೇ ಮರೆಯಾಗಿ ನಿಂತಳು. ಅಷ್ಟು ದೊಡ್ಡ ವಿದ್ಯಾಮಂದಿರದಲ್ಲಿ ನನಗೆ ದೇವರು ಕಂಡದ್ದು ಅಲ್ಲೊಂದೇ ಕಡೆ.

ಹನ್ನೊಂದನೆಯ ದಿನ ಪುಣ್ಯಾಹವಾದ ಮೇಲೆ ಕ್ಯಾಲೆಂಡರಿನಲ್ಲಿ ಪರೀಕ್ಷೆಯ ಆ ದಿನಾಂಕಕ್ಕೆ ಅರಿಶಿನದ ಬೊಟ್ಟಿಟ್ಟೆ. ಗೀಟು ಬೀಳದೆ ಉಳಿದದ್ದು ಅದೊಂದೇ. ಫಲಿತಾಂಶದ ದಿನವನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ.