ಸಾರೋಟಿನ ಮುಂದೆ ಅತ್ತೆ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ದಂಟಿನ ಸೊಪ್ಪು ಬಸಿದು ಬಸ್ಸಾರಿಗೆ ರುಬ್ಬಿಟ್ಟೆ. ಗೌರಿಬಿದನೂರಿಗೆ ಕೆಲಸಕ್ಕೆ ಹೋಗುವ ಮನೆಯವರಿಗೆ ಡಬ್ಬಿ ಕಟ್ಟಿದೆ. ಅತ್ತೆಯ ಹಸಿರು ಸೀರೆಗೆ ಇಸ್ತ್ರಿ ಹಾಕಿದೆ. ತೀರಿಹೋದ ಮಾವನವರ ಕ್ಯಾಮೆರಾದ ಚರ್ಮದ ಚೀಲಕ್ಕೆ ಹಿಡಿದಿದ್ದ ಬೂಷ್ಟು ಒರೆಸಿ ಬಿಸಿಲಿಗಿಟ್ಟೆ. ಅಷ್ಟರಲ್ಲಿ ಅತ್ತೆ ಎಷ್ಟು ಸಲ ಬೀದಿ ನೋಡಿ ಬಂದರೋ.

ಆ ದಿನ ಚಿಂತಾಮಣಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ. ಮೈಸೂರು ಅರಮನೆಯ ಮನೆತನದವರೊಬ್ಬರು ಸಾರೋಟಿನಲ್ಲಿ ಬರುವವರಿದ್ದರು. ಅತ್ತೆ ಹೊಸದಾಗಿ ಮದುವೆಯಾಗಿ ಬಂದ ಕಾಲದಲ್ಲೂ ಹೀಗೆಯೇ ಮಹಾರಾಜರು ಊರಿಗೆ ಬಂದಿದ್ದರಂತೆ. ಮಾವ ಇದೇ ಕ್ಯಾಮೆರಾ ಹಿಡಿದು ಹೊರಟಾಗ, ದೊರೆಯ ಜೊತೆ ನನ್ನದೂ ಒಂದು ತೆಗೆಯಿರಿ ಎಂದು ಅತ್ತೆ ಕೇಳಿದ್ದರು. "ನೀನು ದಿನಾ ಮನೇಲಿರ್ತೀಯ, ದೊರೆ ದಿನಾ ಬರ್ತಾರಾ?" ಎಂದಿದ್ದರಂತೆ ಮಾವ. ದೊರೆಯ ಆ ಪಟ ಇಂದಿಗೂ ನಡುಮನೆಯ ಗೋಡೆಯ ಮೇಲಿದೆ. ಅತ್ತೆಯದು ಇಲ್ಲ.

ಮೊಬೈಲಿನಲ್ಲೇ ತೆಗೆಯುತ್ತೇನೆ ಎಂದರೆ ಅವರು ಒಪ್ಪಲಿಲ್ಲ. "ಅವ್ರಂತೂ ನನ್ ಫೋಟೋ ಹೊಡೀಲಿಲ್ಲ. ಅವ್ರ ಕ್ಯಾಮೆರಾನಾದ್ರೂ ಹೊಡೀಲಿ ಕಣಮ್ಮ."

ಆ ಕ್ಯಾಮೆರಾದಲ್ಲಿ ಕಣ್ಣಿಡುವ ಕಿಟಕಿಯ ನಡುವೆ ಹಳದಿ ಚೌಕವೊಂದಿದೆ. ಎದುರಿಗಿರುವುದು ಅದರೊಳಗೆ ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸಿ ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಚಿತ್ರ ಸ್ಪಷ್ಟ. ಮಾವನವರ ಕಣ್ಣು ಮಂಜಾದ ಮೇಲೆ ಆ ಕೂರಿಸುವ ಕೆಲಸ ನನ್ನದಾಗಿತ್ತು. ಆದರೂ ರೂಢಿ ತಪ್ಪಿ ವರ್ಷಗಳಾಗಿದ್ದವು.

ಮಧ್ಯಾಹ್ನವೇ ಹೋಗಿ ಜೋಡಿ ರಸ್ತೆಯಲ್ಲಿ, ನಮ್ಮ ಟೈಲರ್ ಭಾಯಿಯ ಅಂಗಡಿ ಮೆಟ್ಟಿಲು ಹಿಡಿದೆವು. ಅತ್ತೆಯನ್ನು ಕೆಳಗಿನ ಮೆಟ್ಟಿಲಲ್ಲಿ ನನ್ನ ಕಡೆ ಮುಖ ಮಾಡಿ ಕೂರಿಸಿ, ನಾನು ಮೇಲೆ ನಿಂತೆ. ಬಿಸಿಲು ಇಳಿಯುತ್ತಿತ್ತು, ಸಾರೋಟಿನ ಸುಳಿವಿಲ್ಲ. ಅತ್ತೆ ಕೂತಲ್ಲಿ ಕೂರಲಾರದೆ ಎದ್ದೆದ್ದು ನೋಡುತ್ತಿದ್ದರು.

"ಏಮಮ್ಮಾ, ಬೇರೆ ದಾರೀಲಿ ಹೋಗ್ಬಿಟ್ರೇನೋ?"

"ಕೂತ್ಕೊಳಿ ಅಮ್ಮಾ," ಎಂದರು ಭಾಯಿ. "ದೊರೆಗಳು ನಮ್ ಗಿರಾಕಿಗಳ ಥರ. ಹೇಳಿದ್ ಟೈಮಿಗೆ ಬರಲ್ಲ."

"ನೀನು ಹೇಳಿದ್ ಟೈಮಿಗೆ ರವಿಕೆ ಕೊಟ್ಟಿದ್ದೀಯೇನಪ್ಪ?"

ನನಗೋ ಲೆನ್ಸಿನ ಮುಚ್ಚಳದ್ದೇ ಚಿಂತೆ. ಅದು ಮುಚ್ಚಿದ್ದರೂ ಕಿಟಕಿಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುವ ಕ್ಯಾಮೆರಾ ಅದು. ತೆಗೆದಿದ್ದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಬೆರಳಾಡಿಸಿ ನೋಡುತ್ತಿದ್ದೆ.

ಕೊನೆಗೆ ತಮಟೆ ಕೇಳಿಸಿತು. ರಸ್ತೆಯಾಚೆಯ ದೀಪದ ಕಂಬಕ್ಕೆ ಬಳೆಯನ್ನು ಮೊದಲೇ ಹೊಂದಿಸಿಟ್ಟಿದ್ದೆ. ಸಾರೋಟು ಅಲ್ಲಿಗೆ ಬಂದಿತು. ಕೈ ಮುಗಿದು ಕೂತ ಅರಮನೆಯವರು ಚೌಕದೊಳಗೆ ಸರಿಯಾಗಿ ಒಂದಾದರು. ಒತ್ತಬೇಕು, ಅಷ್ಟರಲ್ಲಿ ಅತ್ತೆ ಎದ್ದು ರಸ್ತೆಯ ಕಡೆ ತಿರುಗಿ ಕೈ ಮುಗಿದುಬಿಟ್ಟರು. ನನಗೆ ಕಂಡಿದ್ದು ತುರುಬು, ಕನಕಾಂಬರ. ಕೂಗಿದರೆ ತಮಟೆಯಲ್ಲಿ ಕೇಳಿಸಲಿಲ್ಲ. ಸಾರೋಟು ಮುಂದಕ್ಕೆ ಸರಿಯುತ್ತಿತ್ತು.

ಭಾಯಿ ಬಗ್ಗಿ ಅವರ ಕಿವಿಯ ಹತ್ತಿರ ಹೇಳಿದರು: "ಅಮ್ಮಾ, ನಿಮ್ ಯಜಮಾನ್ರು ಕ್ಯಾಮೆರಾ ಹಿಡ್ಕೊಂಡು ಕಾಯ್ತಾ ಅವ್ರೆ."

ಅತ್ತೆ ಗಕ್ಕನೆ ತಿರುಗಿದರು. ಕೈ ಇನ್ನೂ ಮುಗಿದೇ ಇತ್ತು. ಬಳೆ ತಿರುಗಿಸಿದೆ, ಇಬ್ಬರು ಅತ್ತೆಯರು ಒಬ್ಬರಾದರು, ಹಿಂದೆ ದೊರೆ ಇಬ್ಬರಾದರು. ಒತ್ತಿದೆ.

ದಾರಿಯುದ್ದಕ್ಕೂ ಅತ್ತೆಗೆ ಅದೇ ಮಾತು. "ಬಿದ್ನಾ ಫೋಟೋದಲ್ಲಿ?"

"ಬಿದ್ದಿದ್ದೀರ ಅತ್ತೆ. ದೊರೆ ಮಾತ್ರ ಮಸುಕಾಗಿರ್ತಾರೆ."

"ಇರ್ಲಿ ಬಿಡು. ಅವ್ರದ್ದು ಗೋಡೆ ಮೇಲೆ ಐತಲ್ಲ."

ರೀಲನ್ನು ತೊಳೆಸಲು ಬೆಂಗಳೂರಿಗೆ ಕಳಿಸಬೇಕು. ಅಲ್ಲಿಯವರೆಗೆ ಮುಚ್ಚಳದ ಚಿಂತೆ ಬಿಡದು ಎಂದುಕೊಂಡಿದ್ದೆ. ಮನೆಯಲ್ಲಿ ಸೀರೆ ಬದಲಾಯಿಸುವಾಗ ಆ ಮುಚ್ಚಳ ನನ್ನ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟಿನಿಂದ ಕೆಳಗೆ ಬಿತ್ತು.

ರಾತ್ರಿ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ. ಮನೆಯವರು ಎರಡನೇ ಸಲ ಸಾರು ಬಡಿಸಿಕೊಳ್ಳುವಷ್ಟರಲ್ಲಿ, ಎಲ್ಲರಿಗಿಂತ ತಡವಾಗಿ ಮಲಗುವ ಅತ್ತೆ ಕನಕಾಂಬರವನ್ನೂ ತೆಗೆಯದೆ ನಿದ್ದೆ ಹೋಗಿದ್ದರು.