ಹಡಗಿಗೆ ಹೊದಿಸಿದ ಕಂಬಳಿ

ಸ್ಟೇಷನ್ ರಸ್ತೆಯಲ್ಲಿ ನನ್ನದು ಪಂಪ್‌ಸೆಟ್ ಅಂಗಡಿ, ಪಕ್ಕದ್ದು ಅಮೋಘಿಯ ವೆಲ್ಡಿಂಗ್ ಶೆಡ್ಡು. ಟ್ರೇಲರ್ ರಿಪೇರಿಗೆ ಬಂದವರಿಗೂ ಅವನು ಹಿಮ ಒಡೆಯುವ ಹಡಗಿನ ಕಥೆ ಹೇಳದೆ ಬಿಡುವುದಿಲ್ಲ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಆದರೂ ಈ ಮನುಷ್ಯನ ಹಟ ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಅಮೋಘಿ ಕಳ್ಳಕವಟಗಿಯ ಕುರಿಗಾರನ ಮಗ. ಹತ್ತು ವರ್ಷ ಪಶ್ಚಿಮ ಕರಾವಳಿಯಲ್ಲಿ ಹಡಗು ರಿಪೇರಿ ಮಾಡುವ ಕಡೆ ವೆಲ್ಡರ್ ಆಗಿದ್ದ. ಅಲ್ಲಿಗೆ ಬಂತು ಆ ಹಡಗು. ಇಪ್ಪತ್ತೆರಡು ವರ್ಷ ದಕ್ಷಿಣ ಧ್ರುವದತ್ತ ಡೀಸೆಲ್ಲು, ಹಿಟ್ಟು ಹೊತ್ತು, ಅಲ್ಲಿನ ಸಂಶೋಧನಾ ಠಾಣೆಯಲ್ಲಿ ಚಳಿಗಾಲ ಕಳೆದವರನ್ನು ಮನೆಗೆ ಕರೆತಂದು ಹಣ್ಣಾದ ಹಡಗು.

"ಹಡಗಿನ ಮೂತಿ ಹಿಮಾನ ಕೊಡ್ಲಿ ಹಂಗ ಸೀಳತೈತಿ ಅಂತ ತಿಳ್ಕೊಂಡೀರಿ. ಸುಳ್ಳರಿ," ಎನ್ನುತ್ತಾನೆ. "ಇಳಿಜಾರು ಮೂತಿ ಅದು. ಹಿಮದ ಮ್ಯಾಲ ಏರಿ ಕುಂದರತೈತಿ, ತನ್ನ ಭಾರಕ್ಕ ಒಡೀತೈತಿ. ಹೊಲದಾಗ ಮಣ್ಣಿನ ಹೆಂಟಿ ಒಡ್ಯಾಕ ಕೊರಡಿನ ಮ್ಯಾಲ ನಾವು ನಿಂದ್ರೂದಿಲ್ಲೇನ್ರಿ, ಹಂಗ!"

ಅಷ್ಟು ಪೆಟ್ಟು ತಿನ್ನುವ ಮೂತಿಯ ದಪ್ಪ ಉಕ್ಕು ಆ ವರ್ಷ ಬಿರುಕು ಬಿಟ್ಟಿತ್ತು. ಮೂರು ಸಲ ಬೆಸೆದರು. ಮೂರು ಸಲವೂ ಆರುತ್ತಿದ್ದಂತೆ ಮತ್ತೆ ಬಿರಿಯಿತು. ನಾಲ್ಕು ದಿನದಲ್ಲಿ ಹೊರಡದಿದ್ದರೆ ಹಿಮ ದಾರಿ ಮುಚ್ಚುತ್ತಿತ್ತು, ಅಲ್ಲಿ ಕಾಯುತ್ತಿದ್ದ ಇಪ್ಪತ್ತಮೂರು ಜನ ಇನ್ನೊಂದು ವರ್ಷ ಅಲ್ಲೇ ಉಳಿಯಬೇಕಿತ್ತು. ಇಂಜಿನಿಯರ್ ಕೈಚೆಲ್ಲಿ, ಇದಿನ್ನು ಗುಜರಿಗೇ ಸರಿ ಎಂದುಬಿಟ್ಟ.

ಅಮೋಘಿ ಒಪ್ಪಲಿಲ್ಲ. ಕಡಲ ಗಾಳಿಗೆ ಬೆಸುಗೆ ಬೇಗ ಆರುತ್ತಿದೆ, ಅದೇ ರೋಗ ಎಂದ. ಕಾವು ಹಿಡಿದಿಡುವ ಹೊದಿಕೆ ಬರಲು ವಾರ ಬೇಕಿತ್ತು. ಅವನ ಟ್ರಂಕಿನಲ್ಲಿ ತೀರಿಹೋದ ಅಪ್ಪನ ಕಂಬಳಿ ಇತ್ತು. ಆ ಮನೆತನದಲ್ಲಿ ಕಂಬಳಿಯೆಂದರೆ ದೇವರ ಗದ್ದುಗೆ. ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುತ್ತಾರೆ, ಸುಡುವುದಂತೂ ದೊಡ್ಡ ಪಾಪ. ಮರುದಿನ ಬೆಳಿಗ್ಗೆ ನಾಲ್ಕನೆಯ ಸಲ ಬೆಸೆದವನೇ ಕೈಮುಗಿದು, ಅದನ್ನೇ ಬಿಸಿ ಉಕ್ಕಿಗೆ ಹೊದಿಸಿ ತಂತಿಯಿಂದ ಬಿಗಿದ. ಸುಟ್ಟ ಉಣ್ಣೆಯ ನಾತಕ್ಕೆ ಜೊತೆಯವರು ಮೂಗು ಮುಚ್ಚಿಕೊಂಡು ಓಡಿದರು. ಇವನು ಸಂಜೆಯವರೆಗೆ ಕದಲಲಿಲ್ಲ. ಕಂಬಳಿ ಬಿಚ್ಚಿದಾಗ ಒಂದು ಕೂದಲಿನಷ್ಟೂ ಬಿರುಕಿರಲಿಲ್ಲ.

ಹಡಗು ಹೋಯಿತು. ನಾಲ್ಕು ತಿಂಗಳಿಗೆ ಇಪ್ಪತ್ತಮೂರು ಜನರನ್ನೂ ಕರೆತಂದಿತು, ಬೆಸುಗೆ ಜಗ್ಗಿರಲಿಲ್ಲ. ಆಮೇಲೇ ಅಮೋಘಿ ಊರಿಗೆ ಬಂದು ನಡೆದದ್ದೆಲ್ಲ ಹೇಳಿ, ಅವ್ವ ದುಂಡವ್ವನ ಮುಂದೆ ಕಂಬಳಿ ಇಟ್ಟ. ಇಂಜಿನಿಯರಿಗೆ ಎದುರು ನಿಂತವನು ಅವ್ವನ ಮುಂದೆ ಅತ್ತೇಬಿಟ್ಟನಂತೆ.

ಮುದುಕಿ ಸುಟ್ಟ ತೂತಿನಲ್ಲಿ ಬೆರಳಾಡಿಸಿದಳು.

"ನಿಮ್ಮಪ್ಪ ಮಳ್ಯಾಗ ತಾ ತೊಯ್ಕೋತ ಇದನ್ನ ಎಳಿ ಮರಿಗೆ ಹೊಚ್ಚತಿದ್ದ. ನೀ ಹೊಚ್ಚಿದ ಮರಿ ಬದುಕಿತೋ ಇಲ್ಲೋ?"

"ಬದುಕಿತಬೇ."

"ಮತ್ಯಾಕ ಅಳ್ತೀ, ಯಪ್ಪಾ?"

ಅವಳು ಕಂಬಳಿ ಮಡಚಿ ದೇವರ ಜಗುಲಿಯ ಮೇಲಿಟ್ಟಳು, ಸುಟ್ಟ ಮಗ್ಗುಲು ಮೇಲೆ ಕಾಣುವ ಹಾಗೆ.