ತೆರೆಯಲಾಗದ ಡಿಸ್ಕ್

ಹೋದ ವರ್ಷ ದೀಪಾವಳಿ ಮುಗಿದ ವಾರ. ಜಹೀರಾಬಾದಿನ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಕರೆಂಟಿನ ಏರಿಳಿತಕ್ಕೆ ನಮ್ಮ ಸರ್ವರ್ ಸುಟ್ಟು ಎರಡು ದಿನವಾಗಿತ್ತು. ನನಗೆ ಅಂಥ ಚಿಂತೆಯೇನೂ ಇರಲಿಲ್ಲ. ಪ್ರತಿ ಶನಿವಾರ ಎಲ್ಲವನ್ನೂ ಬೇರೆ ಡಿಸ್ಕಿಗೆ ಬ್ಯಾಕಪ್ ತೆಗೆದು ತಾಂಡೂರಿನ ನಮ್ಮ ಮನೆಗೆ ಒಯ್ದಿಡುತ್ತಿದ್ದೆ.

ಆ ಬೆಳಿಗ್ಗೆ ಕಲ್ಹೇರ್ ಕಡೆಯ ಅತ್ತೆ ಸೊಸೆ ಬಂದರು. ಏಳನೇ ತಿಂಗಳಲ್ಲಿ ಸೊಸೆಯ ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತಂತೆ. ಅದಕ್ಕೂ ಮೊದಲು ನಮ್ಮಲ್ಲಿ ಸ್ಕ್ಯಾನ್ ಮಾಡಿಸಿದಾಗ ಪರದೆಯ ಮೇಲೆ ಅದರ ಎದೆ ಬಡಿಯುವುದನ್ನು ನೋಡಿದ್ದಳು. ಅದನ್ನೊಮ್ಮೆ ತೋರಿಸಿ ಎಂದು ಕೇಳಲು ಎರಡು ಬಸ್ಸು ಬದಲಿಸಿ ಬಂದಿದ್ದಳು. ಆವತ್ತು ಕೊಟ್ಟ ಚಿತ್ರ, ವರದಿ ಎಲ್ಲಿ ಎಂದು ಕೇಳಿದೆ. ಅತ್ತೆ ತಲೆ ತಗ್ಗಿಸಿದರು.

"ಕೂಸಿನ ಸಂಗಟನೇ ಮಣ್ಣಾಗ ಇಟ್ಟೀನ್ರಿ. ಕಣ್ಮುಂದ ಇದ್ರ ಈಕಿ ಮರಿಯಾಂಗಿಲ್ಲ ಅಂದ್ಕೊಂಡೆ. ತಪ್ಪಾತು."

ಕೂತಿರಿ, ಮಧ್ಯಾಹ್ನದೊಳಗೆ ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ತಾಂಡೂರಿನಿಂದ ತಂದಿದ್ದ ಶನಿವಾರದ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿದೆ. ರೋಗಿಗಳ ಗುಟ್ಟು ಹೊರಗೆ ಹೋಗಬಾರದೆಂದು ಎಲ್ಲ ಡಿಸ್ಕುಗಳನ್ನೂ ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕಿದ್ದೆವು. ಹಳೆಯ ಯಂತ್ರ ತಾನೇ ಬೀಗ ತೆಗೆದುಕೊಳ್ಳುತ್ತಿತ್ತು. ಹೊಸದು ನಲವತ್ತೆಂಟು ಅಂಕಿಯ ಕೀಲಿ ಕೇಳಿತು. ಅದನ್ನು ಬರೆದ ಚೀಟಿಯನ್ನು ಸರ್ವರ್ ಇಡುವ ಕಬ್ಬಿಣದ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿದ್ದೆ. ಬಾಗಿಲು ತೆರೆದೆ. ಚೀಟಿ ಇರಲಿಲ್ಲ, ವಿಭೂತಿಯ ಮೂರು ಗೆರೆ ಇದ್ದವು. ಆಯುಧ ಪೂಜೆಯ ದಿನ ಒದ್ದೆ ಬಟ್ಟೆಯಿಂದ ಒರೆಸಿ, ಕೆರೆದು, ಆ ಮಾಸಿದ ಕಾಗದವನ್ನು ಕಸಕ್ಕೆ ಹಾಕಿದವನು ನಾನೇ. ತಪ್ಪನ್ನು ಯಾರ ಮೇಲೆ ಹಾಕಲಿ? ಕೀಲಿಯ ಇನ್ನೊಂದು ಪ್ರತಿ ಇತ್ತು, ಅದು ಸುಟ್ಟ ಸರ್ವರಿನೊಳಗೇ ಇತ್ತು. ವರ್ಷಗಟ್ಟಲೆ ಬ್ಯಾಕಪ್ ತೆಗೆದಿದ್ದೆ, ಒಂದು ಸಲವೂ ಮರಳಿ ತೆರೆದು ನೋಡಿರಲಿಲ್ಲ.

ಹೊರಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅತ್ತೆಗೆ ಸಿಟ್ಟು ಬಂತು.

"ಪೂಜಿ ಮಾಡಾಕ ಗೊತ್ತಾತು, ಕೀಲಿ ಇಡಾಕ ಗೊತ್ತಾಗ್ಲಿಲ್ಲೇನ್ರಿ?"

ಸೊಸೆ ಅತ್ತೆಯ ಕೈ ಹಿಡಿದು ಸುಮ್ಮನಾಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಳಗ ಅದನ್ರಿ?"

"ಅದವ್ವ. ತೆಗಿಯಾಕ ಬರವಲ್ದು," ಎಂದೆ.

"ಇದ್ರ ಇರ್ಲಿ. ಅಳಿಸಬ್ಯಾಡ್ರಿ ಅಣ್ಣಾ."

ಬಸ್ ನಿಲ್ದಾಣದ ತನಕ ಅವರ ಜೊತೆ ಹೋದೆ. ನಾರಾಯಣಖೇಡದ ಬಸ್ಸು ಹತ್ತಿಸಿ ಬಂದೆ.

ಈಗ ಹೊಸ ಡಿಸ್ಕುಗಳ ಕೀಲಿಯನ್ನು ಮೂರು ಕಡೆ ಬರೆದಿಟ್ಟಿದ್ದೇನೆ. ತಿಂಗಳಿಗೊಮ್ಮೆ ಬ್ಯಾಕಪ್ ತೆರೆದೂ ನೋಡುತ್ತೇನೆ. ತೆರೆಯಲಾಗದ ಆ ಡಿಸ್ಕನ್ನು ಖಾಲಿ ಮಾಡಿ ಬಳಸು ಎಂದು ಮಾಲೀಕರು ಹೇಳುತ್ತಲೇ ಇದ್ದರು. ಅದು ಕೆಟ್ಟಿದೆ ಎಂದು ಸುಳ್ಳು ಹೇಳಿ ಮನೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಯಾರೂ ಭಾರ ಇಡದಂತೆ ನೋಡಿಕೊಳ್ಳುತ್ತೇನೆ.